ರಾಗಿ ಎಷ್ಟು ದಿನ ಮುಂಚೆ ಹಾಕಬೇಕು, ಅಪ್ಪಾಜಿ?

ಪ್ರೆಸ್ಟನ್, ಇಂಗ್ಲೆಂಡ್
24 ನವೆಂಬರ್ 2025, ಸೋಮವಾರ

ಪ್ರೀತಿಯ ಅಮ್ಮ, ಅಪ್ಪಾಜಿ, ಅಜ್ಜಿ,

ಇವತ್ತು ನನಗೆ ರಜೆ. ಫೋನಿನಲ್ಲಿ ಹೇಳೋಣ ಅಂದರೆ ಅಜ್ಜಿಗೆ ಕೇಳಿಸುವುದಿಲ್ಲ, ಅಪ್ಪಾಜಿ ಎರಡೇ ನಿಮಿಷಕ್ಕೆ "ತಗೋ, ಅಮ್ಮನ ಹತ್ರ ಮಾತಾಡು" ಅಂತ ಫೋನ್ ದಾಟಿಸಿಬಿಡುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಲೋ ತಮ್ಮ, ಇದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಜ್ಜಿಗೆ ಓದಿ ಹೇಳು. ನಡುನಡುವೆ ನಿನ್ನ ಜೋಕು ಸೇರಿಸಬೇಡ.

ಮರೆಯುವ ಮುಂಚೆ ಅಪ್ಪಾಜಿಗೆ ಒಂದು ಪ್ರಶ್ನೆ. ಕ್ರಿಸ್ಮಸ್‌ಗೆ ಬಾಲಯೇಸುವನ್ನು ಮಲಗಿಸುವ ಗೋದಲಿಗೆ ರಾಗಿ ಎಷ್ಟು ದಿನ ಮುಂಚೆ ಹಾಕುತ್ತೀರಿ? ಹನ್ನೆರಡು ದಿನವಾ, ಹದಿನೈದಾ? ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಮಣ್ಣಿಗೆ ಹಾಕುತ್ತೀರೋ, ಇಲ್ಲ ಒಣ ರಾಗಿಯನ್ನೇ ಚೆಲ್ಲುತ್ತೀರೋ? ನಗಬೇಡಿ. ಇಪ್ಪತ್ತಾರು ವರ್ಷ ಅದೇ ಮನೆಯಲ್ಲಿದ್ದೆ. ಪ್ರತಿ ಕ್ರಿಸ್ಮಸ್‌ಗೂ ಆ ಹಸಿರು ಪೈರು ನೋಡಿದ್ದೇನೆ, ಫೋಟೋ ತೆಗೆದಿದ್ದೇನೆ, ಅದರೊಳಗೆ ಕುರಿ ನಿಲ್ಲಿಸಿದ್ದೇನೆ, ಅಲ್ಲಿ ಇಲ್ಲಿ ಕಿತ್ತು ನಿಮ್ಮ ಹತ್ರ ಬೈಸಿಕೊಂಡಿದ್ದೂ ಇದೆ. ಆದರೆ ಆ ತಟ್ಟೆಗೆ ಒಂದು ದಿನವಾದರೂ ನೀರು ಚಿಮುಕಿಸಿದವಳಲ್ಲ. ಬೆಳಿಗ್ಗೆ ಎದ್ದರೆ ಪೈರು ಇರುತ್ತಿತ್ತು, ಅಷ್ಟೇ ಗೊತ್ತು.

ಆಗಿದ್ದು ಇಷ್ಟು. ಈ ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಎಲ್ಲರೂ ಹಾಲ್‌ನಲ್ಲಿ ಟೀ ಕುಡಿಯುತ್ತಿದ್ದೆವು. ಇಲ್ಲಿ ಪೂಜೆ ಮುಗಿದ ತಕ್ಷಣ ಯಾರೂ ಮನೆಗೆ ಓಡುವುದಿಲ್ಲ. ಹಾಲ್‌ನಲ್ಲಿ ಒಂದು ದೊಡ್ಡ ಸ್ಟೀಲ್ ಬಾಯ್ಲರ್, ಪಕ್ಕದಲ್ಲಿ ಬಿಸ್ಕತ್ ತಟ್ಟೆ, ಅದರ ಹಿಂದೆ ಎಂಬತ್ತು ದಾಟಿದ ಒಬ್ಬರು ಅಜ್ಜಿ. ಅವರ ಅಪ್ಪಣೆ ಇಲ್ಲದೆ ಎರಡನೇ ಬಿಸ್ಕತ್ ಸಿಗುವುದಿಲ್ಲ. ನಾನು ಮನಸ್ಸಿನಲ್ಲೇ ಟೀ ಅಜ್ಜಿ ಅಂತ ಹೆಸರಿಟ್ಟಿದ್ದೇನೆ. ಅವತ್ತು ಗೋದಲಿಯ ಸಾಮಾನು ಇಟ್ಟ ಪೆಟ್ಟಿಗೆ ತೆಗೆದಿದ್ದರು, ಏನು ಮುರಿದಿದೆ, ಏನು ತರಬೇಕು ಅಂತ ನೋಡುವುದಕ್ಕೆ. ಕತ್ತೆಗೆ ಒಂದು ಕಿವಿ ಇಲ್ಲ. ಒಂದು ಕುರಿಯ ಕಾಲನ್ನು ಯಾರೋ ಅಂಟುಪಟ್ಟಿ ಸುತ್ತಿ ನಿಲ್ಲಿಸಿದ್ದಾರೆ, ಆರ್ಥೋ ವಾರ್ಡಿನ ಪೇಶೆಂಟ್ ಥರ. ಕೆಳಗೆ ಹಾಸುವುದಕ್ಕೆ ಪ್ಲಾಸ್ಟಿಕ್ಕಿನ ಹಸಿರು ಚಾಪೆ, ತರಕಾರಿ ಅಂಗಡಿಯವರು ಹಾಸುತ್ತಾರಲ್ಲ, ಅದೇ. ನೋಡಿ ಸುಮ್ಮನಿರಲಾರದೆ, "ನಮ್ಮನೆಯಲ್ಲಿ ನಿಜವಾದ ಪೈರೇ ಬೆಳೆಸುತ್ತೇವೆ, ರಾಗಿದು" ಅಂದುಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಗೋದಲಿ ಕಟ್ಟುವ ತಾತ ಒಬ್ಬರಿದ್ದಾರೆ, ಅವರು ಕಿಸೆಯಿಂದ ಪೆನ್ನು ತೆಗೆದು ಪಟ್ಟಿಯಲ್ಲಿ ನನ್ನ ಹೆಸರು ಬರೆದು ಮುಂದೆ 'ಹೊಲ' ಅಂತ ಸೇರಿಸಿಬಿಟ್ಟರು. ನಮ್ಮ ವಂಶದಲ್ಲಿ ಅಜ್ಜಿಯ ತಲೆಮಾರಿನ ನಂತರ ಹೊಲ ಸಿಕ್ಕಿದ್ದು ನನಗೇ ಇರಬೇಕು.

ಅಮ್ಮ, ನೀನು ಪಾಲಹಳ್ಳಿ ಮಾವನ ಮನೆಯ ರಾಗಿ ಎರಡು ಪೊಟ್ಟಣ ಕಟ್ಟಿಕೊಟ್ಟಿದ್ದೆಯಲ್ಲ, ಅದರಲ್ಲಿ ಒಂದನ್ನು ಬಿಚ್ಚಿದೆ. ರಾತ್ರಿ ನೆನೆಸಿದೆ. ಕೇಕ್ ಮಾಡುವ ಟ್ರೇಗೆ ಅಂಗಡಿಯಿಂದ ಮಣ್ಣು ತಂದು ಹಾಕಿ, ಮೇಲೆ ಚೆಲ್ಲಿ, ಕಿಟಕಿಯಲ್ಲಿಟ್ಟೆ. (ಇಲ್ಲಿ ಮಣ್ಣನ್ನೂ ದುಡ್ಡು ಕೊಟ್ಟು ಕೊಳ್ಳಬೇಕು ಅಂದರೆ ಅಪ್ಪಾಜಿ ನಂಬುವುದಿಲ್ಲ.) ನಾಲ್ಕು ದಿನ ಏನೂ ಇಲ್ಲ. ಚಳಿಗೆ ನಿಧಾನ ಆಗುತ್ತಿದೆ ಅಂದುಕೊಂಡೆ. ಎಂಟನೇ ದಿನ ಹುಳಿ ವಾಸನೆ, ಮೇಲೆ ಬಿಳಿ ಬೂಸ್ಟು. ಹಾಳಾಗಿ ಹೋಗಲಿ ಅಂತ ಪೊಟ್ಟಣದಲ್ಲಿ ಉಳಿದಿದ್ದನ್ನು ಮೂಸಿ ನೋಡಿದೆ, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಘಮ್ ಅಂತು. ಅದು ಹುರಿಹಿಟ್ಟಿಗೆ ಅಂತ ನೀನು ಹುರಿದು ಕೊಟ್ಟಿದ್ದ ರಾಗಿ! ಎಂಟು ದಿನ ಹುರಿದ ರಾಗಿಗೆ ನೀರು ಹಾಕಿ, ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಒಂದು ನಮೋ ಮರಿಯ ಬೇರೆ ಹೇಳಿ ಹೋಗುತ್ತಿದ್ದೆ. ಪೊಟ್ಟಣದ ಮೇಲೆ ಒಂದು ಅಕ್ಷರ ಬರೆಯಬಾರದಿತ್ತಾ?

ಇನ್ನೊಂದು ಪೊಟ್ಟಣದ್ದು ಹಸಿ ರಾಗಿ, ಸದ್ಯ. ಅದನ್ನು ನೆನೆಸಿ, ಹಳೇ ಕಾಟನ್ ದುಪಟ್ಟಾದಲ್ಲಿ ಕಟ್ಟಿ, ಮನೆಯ ಬಿಸಿನೀರಿನ ಬಾಯ್ಲರ್ ಇರುವ ಕಪಾಟಿನೊಳಗೆ ಇಟ್ಟೆ. ಮನೆಯಲ್ಲಿ ಮೈಸೂರಿನಷ್ಟು ಬೆಚ್ಚಗಿರುವ ಜಾಗ ಅದೊಂದೇ. ಎರಡನೇ ದಿನಕ್ಕೆ ಬಿಳೀ ದಾರದ ಹಾಗೆ ಮೊಳಕೆ. ಮಣ್ಣಿಗೆ ಹಾಕಿ ಮತ್ತೆ ಅಲ್ಲೇ ಇಟ್ಟರೆ ಕತ್ತಲಿಗೆ ಹಳದಿಯಾಗಿ, ಸಣ್ಣಗೆ, ಕಾಯಿಲೆ ಬಿದ್ದವರ ಹಾಗೆ ಎದ್ದು ನಿಂತಿತು. ಕಿಟಕಿಗೆ ತಂದಿಟ್ಟ ಮೇಲೆ ಹಸಿರಾಗಿದೆ. ಈಗ ಬೆರಳಿನ ಎರಡು ಗೆಣ್ಣು ಉದ್ದ ಇದೆ. ಇದು ಟ್ರಯಲ್ ಅಷ್ಟೇ. ಅಸಲಿ ಹೊಲ ಡಿಸೆಂಬರ್ 21ಕ್ಕೆ ಬೇಕು, ಅವತ್ತು ಕ್ರಿಸ್ಮಸ್‌ಗೆ ಕಾಯುವ ಆಗಮನ ಕಾಲದ ನಾಲ್ಕನೇ ಭಾನುವಾರ, ಗೋದಲಿ ಇಡುವ ದಿನ. ಬಾಲಯೇಸುವನ್ನು ಮಾತ್ರ 24ರ ರಾತ್ರಿ ಪೂಜೆಯಲ್ಲೇ ಮಲಗಿಸುವುದು, ನಮ್ಮ ಹಾಗೇ.

ನಿನ್ನೆ ಕ್ರಿಸ್ತರಾಜರ ಹಬ್ಬ ಇಲ್ಲೂ ಆಯಿತು. ಅಲ್ಲಿ ಪರಮಪ್ರಸಾದದ ಮೆರವಣಿಗೆ ಹೇಗಾಯಿತು? ಮಳೆ ಬರಲಿಲ್ಲ ತಾನೇ? ಇಲ್ಲಿ ಮೆರವಣಿಗೆ ಇಲ್ಲ, ಪುಡಿಂಗ್ ಇತ್ತು. ಆಗಮನ ಕಾಲಕ್ಕೆ ಮುಂಚಿನ ಈ ಕೊನೆಯ ಭಾನುವಾರವೇ ಇಂಗ್ಲೆಂಡಿನವರು ಕ್ರಿಸ್ಮಸ್ ಪುಡಿಂಗ್ ಕಲಸುವುದು. ಮೂಲದಲ್ಲಿ ಇದು ಆಂಗ್ಲಿಕನ್ನರದು. ಅವರ ಪ್ರಾರ್ಥನಾ ಪುಸ್ತಕದಲ್ಲಿ ಈ ಭಾನುವಾರದ ಪ್ರಾರ್ಥನೆ 'ನಮ್ಮ ಮನಸ್ಸನ್ನು ಕದಡು, ಪ್ರಭುವೇ' ಅನ್ನುವ ಅರ್ಥದಲ್ಲಿ ಶುರುವಾಗುತ್ತದೆ. ಅದನ್ನು ಕೇಳಿದ ಹೆಂಗಸರಿಗೆ ಅಯ್ಯೋ, ಪುಡಿಂಗ್ ಕಲಸಬೇಕಲ್ಲ ಅಂತ ನೆನಪಾಗುತ್ತಿತ್ತಂತೆ. ನಮ್ಮ ಟೀ ಅಜ್ಜಿ ಪಕ್ಕಾ ಕ್ಯಾಥೋಲಿಕ್, ಆದರೆ ಪುಡಿಂಗ್ ವಿಷಯದಲ್ಲಿ ಭೇದ ಇಲ್ಲ ಅಂದರು.

ಒಣದ್ರಾಕ್ಷಿ, ಕಂದು ಸಕ್ಕರೆ, ಬ್ರೆಡ್ ಪುಡಿ, ಮೊಟ್ಟೆ, ಜಾಯಿಕಾಯಿ, ಬ್ರಾಂದಿ, ಜೊತೆಗೆ ದನದ ಕೊಬ್ಬು. ಒಟ್ಟು ಹದಿಮೂರು ಸಾಮಾನು ಇರಬೇಕಂತೆ, ಯೇಸುವಿಗೂ ಹನ್ನೆರಡು ಜನ ಪ್ರೇಷಿತರಿಗೂ ಲೆಕ್ಕ. ನಮ್ಮ ಅಮ್ಮನ ಸ್ನಾನದ ಬಕೆಟ್ಟಿನಷ್ಟು ದೊಡ್ಡ ಪಾತ್ರೆ. ಅದರೊಳಗೆ ಮರದ ಸೌಟು ಹಾಕಿ ಒಬ್ಬೊಬ್ಬರೂ ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸಬೇಕು, ಮೂರು ಜ್ಞಾನಿಗಳು ಬಂದ ದಿಕ್ಕು ಅಂತ. ತಿರುಗಿಸುವಾಗ ಮನಸ್ಸಿನಲ್ಲಿ ಏನಾದರೂ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳಬಾರದು. ನನ್ನ ಸರದಿ ಬಂದಾಗ ಸೌಟು ಅಲ್ಲಾಡಲೇ ಇಲ್ಲ, ಅಷ್ಟು ಗಟ್ಟಿ. ರಾಗಿಮುದ್ದೆ ತಿರುವುವ ಥರ ಪಾತ್ರೆಯನ್ನು ಹೊಟ್ಟೆಗೆ ಆನಿಸಿಕೊಂಡು ಎರಡೂ ಕೈ ಹಾಕಿ ತಿರುವಿದೆ ನೋಡಿ, ಆಮೇಲೆ ಇಡೀ ಪಾತ್ರೆ ನನ್ನ ಪಾಲಿಗೇ ಬಂತು. ಇದನ್ನು ಬಟ್ಟಲಿಗೆ ತುಂಬಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ ಒಂದು ತಿಂಗಳು ಇಡುತ್ತಾರೆ. ಇಟ್ಟಷ್ಟೂ ರುಚಿ ಅಂತೆ. ಕಜ್ಜಾಯದ ಪಾಕದ ಹಿಟ್ಟೂ ಹಾಗೇ ಅಲ್ವಾ, ನಾಲ್ಕು ದಿನ ಇಟ್ಟು ಮಾಡಿದ್ದೇ ಚೆನ್ನ ಅಂತ ಅಜ್ಜಿ ಹೇಳುತ್ತಾಳಲ್ಲ. ಅಜ್ಜಿಯನ್ನೂ ಟೀ ಅಜ್ಜಿಯನ್ನೂ ಎದುರುಬದುರು ಕೂರಿಸಿದರೆ ಭಾಷೆ ಬೇಕಾಗುವುದಿಲ್ಲ ಅನಿಸುತ್ತೆ.

ಶನಿವಾರ ಚರ್ಚಿನ ಕ್ರಿಸ್ಮಸ್ ಸಂತೆ ಇತ್ತು. ಲಾಟರಿ ಚೀಟಿ, ಹಳೇ ಪುಸ್ತಕ, ಹೆಣೆದ ಟೋಪಿ, ಕೇಕು. ನಾನು ನಮ್ಮ ಕ್ರಿಸ್ಮಸ್ ಸಿಹಿ ಕುಲ್ಕುಲ್ ಮಾಡಿಕೊಂಡು ಹೋಗಿದ್ದೆ. ಹೊಸ ಬಾಚಣಿಗೆ ಸಿಗದೆ ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿದೆ, ಹೆಬ್ಬೆರಳು ಇನ್ನೂ ನೋಯುತ್ತಿದೆ. ಕಪ್ಪೆಚಿಪ್ಪಾ ಅಂತ ಒಂದು ಮಗು ಕೇಳಿತು. ಮಧ್ಯಾಹ್ನದೊಳಗೆ ಖಾಲಿ. ದುಡ್ಡೆಲ್ಲ ಚರ್ಚಿನ ಚಾವಣಿ ರಿಪೇರಿಗೆ. ಫುಡ್ ಬ್ಯಾಂಕಿಗೂ ಬಾಗಿಲ ಹತ್ತಿರ ಒಂದು ದೊಡ್ಡ ಡಬ್ಬ ಇಟ್ಟಿದ್ದಾರೆ, ದಿನಕ್ಕೊಂದು ಸಾಮಾನು ತೆಗೆದಿಟ್ಟು ತಂದು ಹಾಕಬೇಕು. ಈ ಊರಲ್ಲೂ ತಿಂಗಳ ಕೊನೆಗೆ ಅನ್ನಕ್ಕೆ ಪರದಾಡುವವರು ಇದ್ದಾರೆ ಅಂತ ಬರುವ ಮುಂಚೆ ನನಗೆ ಗೊತ್ತಿರಲಿಲ್ಲ.

ಅಂಗಡಿಗಳಲ್ಲಿ ಅಕ್ಟೋಬರಿನಿಂದಲೇ ಕ್ರಿಸ್ಮಸ್ ಬಂದಾಗಿದೆ, ಅದೇ ನಾಲ್ಕು ಹಾಡು ಕೇಳಿ ಕೇಳಿ ತಲೆ ಕೆಟ್ಟಿದೆ. ಚರ್ಚಿನಲ್ಲಿ ಮಾತ್ರ ಫಾದರ್ ಜಪ್ಪಯ್ಯ ಅಂದರೂ ಬಿಡುವುದಿಲ್ಲ. 24ರವರೆಗೆ ಮರ ಇಲ್ಲ, ಕ್ಯಾರಲ್ ಇಲ್ಲ, ಮಹಿಮಾ ಗೀತೆಯೂ ಇಲ್ಲ. ನೇರಳೆ ವಸ್ತ್ರ, ನಾಲ್ಕು ಮೇಣದ ಬತ್ತಿ, ಮುಗೀತು. ನನಗಂತೂ ಇದೇ ಸರಿ ಅನಿಸುತ್ತದೆ, ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಈ ಊರಲ್ಲಿ ಒಂದೊಂದೇ ದೀಪ ಹಚ್ಚುವುದಕ್ಕೆ ಒಂದು ಅರ್ಥ ಇದೆ.

ಆ ಬತ್ತಿ ಇಡುವ ಎಲೆಯ ಚಕ್ರವನ್ನು ಈ ಶುಕ್ರವಾರ ಮಕ್ಕಳ ಜೊತೆ ಕಟ್ಟಬೇಕು, ಹಾಲಿ ಅಂತ ಒಂದು ಗಿಡ, ಎಲೆಯ ಅಂಚಿಗೆಲ್ಲ ಮುಳ್ಳು. ಅಪ್ಪಾಜಿಗೆ ಇಷ್ಟವಾಗುವ ವಿಷಯ ಒಂದಿದೆ. ಈ ಚಕ್ರ ಶುರುವಾಗಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, 1839ರಲ್ಲಿ. ವಿಕರ್ನ್ ಅಂತ ಒಬ್ಬ ಲೂಥರನ್ ಪಾದ್ರಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್ ಯಾವಾಗ, ಯಾವಾಗ ಅಂತ ಮಕ್ಕಳು ಪ್ರಾಣ ತಿನ್ನುತ್ತಿದ್ದವು ಅಂತ ಗಾಡಿಯ ಚಕ್ರಕ್ಕೆ ದಿನಕ್ಕೊಂದು ಸಣ್ಣ ಬತ್ತಿ, ಭಾನುವಾರಕ್ಕೆ ದೊಡ್ಡ ಬತ್ತಿ ಸಿಕ್ಕಿಸಿದರಂತೆ. ಕ್ಯಾಥೋಲಿಕ್ಕರ ಚರ್ಚಿಗೆ ಅದು ಮೊದಲು ಬಂದಿದ್ದು 1925ರಲ್ಲಂತೆ, ಎಲ್ಲಿ ಗೊತ್ತಾ? ಕಲೋನ್! ನಮ್ಮ ಮೈಸೂರಿನ ಫಿಲೋಮಿನಾ ಚರ್ಚಿಗೆ ಮಾದರಿಯಾದ ಕೆಥಡ್ರಲ್ ಇರುವ ಊರು. ಇದನ್ನು ಫಾದರ್ ಹೇಳುತ್ತಿದ್ದಾಗ ನಾನು ತಡೆಯಲಾರದೆ ನಮ್ಮ ಚರ್ಚಿನ ಫೋಟೋ ತೋರಿಸಿದೆ. 1933ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದ್ದು ಮಹಾರಾಜರು, ನಾಲ್ವಡಿ ಕೃಷ್ಣರಾಜ ಒಡೆಯರು ಅಂದಾಗ ಗೋದಲಿ ತಾತ "ರಾಜರು ಕ್ಯಾಥೋಲಿಕ್ಕಾ?" ಅಂದರು. ಅಲ್ಲ, ಚಾಮುಂಡಿ ಬೆಟ್ಟದ ತಾಯಿಯ ಭಕ್ತರು ಅಂದೆ. ತಾತ ತುಂಬಾ ಹೊತ್ತು ಆ ಫೋಟೋವನ್ನೇ ನೋಡುತ್ತಿದ್ದರು.

ಹಾ, ಅಪ್ಪಾಜಿ ಹೋದ ಸಲ ಕೇಳಿದ್ದರಲ್ಲ, ಅಲ್ಲಿಯ ಚರ್ಚುಗಳು ನಮ್ಮದಕ್ಕಿಂತ ಎತ್ತರವಾ ಅಂತ. ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಸಂತ ವಾಲ್‌ಬರ್ಗ್ ಚರ್ಚಿನ ಗೋಪುರ 309 ಅಡಿ, ಅದೂ ಹಳೇ ರೈಲು ಹಳಿಯ ಕೆಳಗಿನ ಸುಣ್ಣಕಲ್ಲಿನಲ್ಲಿ ಕಟ್ಟಿದ್ದು. ನಮ್ಮದು 175. ಆದರೆ ನಮ್ಮದು ಎರಡಿವೆ, ಕೂಡಿಸಿದರೆ 350. ನಾವೇ ಗೆದ್ದೆವು.

ಇಲ್ಲಿ ಎಲ್ಲರೂ ನನ್ನನ್ನು ಮಲಯಾಳಿ ಅಂದುಕೊಳ್ಳುತ್ತಾರೆ. ನರ್ಸು, ಕ್ಯಾಥೋಲಿಕ್, ಇಂಡಿಯಾ, ಇನ್ನೇನು ಬೇಕು? ಕೇರಳದ ಸಿರೋ ಮಲಬಾರ್ ಕ್ಯಾಥೋಲಿಕ್ಕರ ಕೆಥಡ್ರಲ್ಲೇ ಈ ಊರಲ್ಲಿದೆ, 2016ರಿಂದ. ನನ್ನ ರೂಮ್‌ಮೇಟ್ ಅಲ್ಲಿಗೇ ಹೋಗುವುದು. ಡಿಸೆಂಬರ್ 1ರಿಂದ ಅವರಿಗೆ ಇಪ್ಪತ್ತೈದು ದಿನದ ನೋಂಬು, ಮೀನು ಮಾಂಸ ಮುಟ್ಟುವುದಿಲ್ಲ. ಜೊತೆಗೆ ನಾನೂ ಹಿಡಿಯುತ್ತೇನೆ ಅಂದಿದ್ದೇನೆ. ತಮ್ಮ, ನಗಬೇಡ ಅಂದೆನಲ್ಲ.

ಬರುವ ಭಾನುವಾರ, 30ನೇ ತಾರೀಕು, ಮೊದಲ ಬತ್ತಿ. ಅವತ್ತು ವಿಶ್ವಾಸಿಗಳ ಪ್ರಾರ್ಥನೆಯನ್ನು ಒಬ್ಬೊಬ್ಬರು ಅವರವರ ಭಾಷೆಯಲ್ಲಿ ಓದಬೇಕು. ಪೋಲಿಷ್, ಮಲಯಾಳಂ, ಫಿಲಿಪ್ಪೀನ್ಸ್‌ನವರದು ಒಂದು, ನನ್ನ ಕನ್ನಡ ಒಂದು. ಬರೆಯುವುದಕ್ಕೆ ಕೂತರೆ ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೊದಲ ಬತ್ತಿ ಇಂಗ್ಲಿಷಿನಲ್ಲಿ 'ಹೋಪ್'ನದ್ದು, ಕನ್ನಡದಲ್ಲಿ ಭರವಸೆಯದ್ದಾ, ನಿರೀಕ್ಷೆಯದ್ದಾ? ಭರವಸೆ ಅಂದರೆ ಚುನಾವಣೆ ನೆನಪಾಗುತ್ತೆ. ನಿರೀಕ್ಷೆ ಅಂದರೆ ಕಾಯುವುದೂ ಬಂತು, ಆದರೆ ಬಸ್ ಸ್ಟ್ಯಾಂಡಿನ ನಿರೀಕ್ಷಣಾ ಕೊಠಡಿಯೂ ಬಂತು. ಅಜ್ಜಿ ಏನು ಅನ್ನುತ್ತಾಳೆ ಕೇಳಿ, ಅದನ್ನೇ ಓದುತ್ತೇನೆ. ಅರ್ಥ ಆಗುವುದು ಆ ಚರ್ಚಿನಲ್ಲಿ ನನಗೊಬ್ಬಳಿಗೇ, ಆದರೂ ತಪ್ಪು ಓದಬಾರದು.

ಅಶೋಕ ರಸ್ತೆಯಲ್ಲಿ ನಕ್ಷತ್ರ ಮಾರುವುದಕ್ಕೆ ಇಟ್ಟಿದ್ದಾರಾ? ಈ ಸಲ ಕಾಗದದ್ದೇ ತನ್ನಿ, ಆ ಮಿಣಮಿಣ ಅನ್ನುವ ಪ್ಲಾಸ್ಟಿಕ್ಕಿಂದು ಬೇಡ. ಅಮ್ಮ, ಮಂಡಿನೋವಿನ ಮಾತ್ರೆ ಊಟ ಆದ ಮೇಲೆ ತಗೋ. ಡೋರ್ನಹಳ್ಳಿ ಚರ್ಚಿಗೆ ಹೋದರೆ ಸಂತ ಅಂತೋನಿಯವರ ಹತ್ರ ನನ್ನ ಹೆಸರಲ್ಲೂ ಒಂದು ಮೇಣದ ಬತ್ತಿ ಹಚ್ಚು.

ಅಪ್ಪಾಜಿ, ಉತ್ತರವನ್ನು ಡಿಸೆಂಬರ್ 5ರೊಳಗೆ ಹೇಳಿ. ಇನ್ನೊಂದು ಅನುಮಾನ: ಪೈರೆಲ್ಲ ಕಿಟಕಿಯ ಕಡೆಗೇ ವಾಲುತ್ತಿದೆ. ದಿನಕ್ಕೊಂದು ಸಲ ಟ್ರೇ ತಿರುಗಿಸಿ ಇಡುತ್ತಿದ್ದೇನೆ, ಮಾರನೇ ದಿನಕ್ಕೆ ಮತ್ತೆ ಆ ಕಡೆಗೇ. ನೀವೂ ತಿರುಗಿಸುತ್ತಿದ್ದಿರಾ?

ಎಲ್ಲರಿಗೂ ಮುತ್ತು.

ನಿಮ್ಮ ಮಗಳು

ಮರೆತಿದ್ದೆ: ಉಳಿದ ಹುರಿದ ರಾಗಿಯನ್ನು ಮಿಕ್ಸಿಗೆ ಹಾಕಿ, ಬೆಲ್ಲ ಹಾಲು ಬೆರೆಸಿ ಕುಡಿದೆ. ಚೆನ್ನಾಗಿತ್ತು. ಇನ್ನೊಂದು ಪೊಟ್ಟಣ ಕಳಿಸು, ಮೇಲೆ ಹೆಸರು ಬರೆದು.