ಹತ್ತನೆಯ ದಿನದ ಗೆರೆ

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಉಳಿದ ಸಂಗತಿಗಳೆಲ್ಲ ನಿನಗೂ ಗೊತ್ತು, ನನಗೂ ಗೊತ್ತು, ಅವು ಆಚೆಗಿರಲಿ. ಮನೆಯಲ್ಲೇ ಮಾಡಿಕೊಂಡ ಗರ್ಭ ಪರೀಕ್ಷೆಯ ಬಗ್ಗೆ ನೀನು ಬರೆದ ಕಾಗದದ ಕೊನೆಯ ಸಾಲು ಓದಿದಾಗಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. "ಗೆರೆ ಬಂದಿತ್ತು, ಎರಡು ದಿನ ಬಿಟ್ಟು ನೋಡಿದರೆ ಇಲ್ಲ. ಈ ನಡುವೆ ನಾನೇನು ಮಾಡಿಬಿಟ್ಟೆ ಚಿಕ್ಕಮ್ಮ?" ಅಂತ ಕೇಳಿದ್ದೀಯ.

ಏನೂ ಮಾಡಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನ ಲೆಕ್ಕಾಚಾರ ತಲೆಗೆ ಹತ್ತದಿದ್ದರೂ ಇದಿಷ್ಟು ನಿನ್ನ ಹತ್ತಿರ ಇರಲಿ.

ತಾರೀಖುಗಳನ್ನು ನೀನು ಚೆನ್ನಾಗಿ ಬರೆದಿಟ್ಟಿದ್ದೀಯ, ಅದರಿಂದ ನನಗೆ ಹೇಳುವುದಕ್ಕೆ ಏನಾದರೂ ಸಿಕ್ಕಿತು. ಮೊದಲ ಸ್ಟ್ರಿಪ್ ಅಂಡೋತ್ಪತ್ತಿಯಾದ ಹತ್ತನೆಯ ದಿನ, ಬೆಳಿಗ್ಗೆ ಎದ್ದ ಕೂಡಲೇ. ಅದು 10 ಯೂನಿಟ್‌ನದು. ಎರಡನೆಯದು ಹನ್ನೆರಡನೆಯ ದಿನ ಮಧ್ಯಾಹ್ನ, ಬೇರೆ ಕಂಪನಿಯ 25ರ ಕಿಟ್. ಮುಟ್ಟಿನ ದಿನಕ್ಕೆ ಆಗಲೂ ಎರಡು ದಿನ ಬಾಕಿ ಇತ್ತು. ಈ 10, 25 ಅನ್ನುವುದು ಒಂದು ಮಿಲಿಲೀಟರ್ ಮೂತ್ರದಲ್ಲಿ ಎಷ್ಟು ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಎಚ್‌ಸಿಜಿ (ಗರ್ಭ ಕಚ್ಚಿದ ಮೇಲೆ ಮೈಯಲ್ಲಿ ಹುಟ್ಟುವ ಹಾರ್ಮೋನು) ಇದ್ದರೆ ಕಿಟ್ ಹಿಡಿಯುತ್ತದೆ ಎಂಬ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ಕಿಟ್ ಚುರುಕು.

ಹತ್ತನೆಯ ದಿನ ನಿನ್ನ ಮೂತ್ರದಲ್ಲಿ 12 ಯೂನಿಟ್ ಇತ್ತು ಅಂದುಕೋ. ಚುರುಕಿನ ಸ್ಟ್ರಿಪ್‌ನಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಷ್ಟು ಗೆರೆ ಬರುತ್ತದೆ. ಈ ಹಂತದಲ್ಲಿ ಎಚ್‌ಸಿಜಿ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತದೆ. ಎಲ್ಲ ನೆಟ್ಟಗಿದ್ದರೂ ಹನ್ನೆರಡನೆಯ ದಿನಕ್ಕೆ ಸುಮಾರು 24 ಆದೀತು. ಅದರ ಮೇಲೆ ಮಧ್ಯಾಹ್ನದೊಳಗೆ ಮೂರು ನಾಲ್ಕು ಲೋಟ ನೀರು ಕುಡಿದಿದ್ದರೆ ಮೂತ್ರ ತೆಳುವಾಗಿ ಆ 24 ಅರ್ಧಕ್ಕೂ ಕೆಳಗೆ ಇಳಿಯಬಹುದು. 25ರ ಕಿಟ್ ಪಾಪ ಏನು ತೋರಿಸಬೇಕು? ಬೆಳೆಯುತ್ತಿರುವ ಗರ್ಭವೂ ಹೀಗೆ ಮಾಯವಾದಂತೆ ಕಾಣಬಹುದು. ಎರಡು ದಿನ, ಎರಡು ಕಿಟ್, ಎರಡು ಹೊತ್ತು; ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತೆಯೇ ಇಲ್ಲ.

ಸುಮ್ಮನೆ ಆಸೆ ಹುಟ್ಟಿಸುತ್ತಿದ್ದೇನೆ ಅಂದುಕೊಳ್ಳಬೇಡ. ಮೊದಲ ಗೆರೆಯೇ ಗೆರೆಯಲ್ಲದೆಯೂ ಇರಬಹುದು. ಅದನ್ನು ಎಷ್ಟು ಹೊತ್ತಿಗೆ ನೋಡಿದೆ? "ಮತ್ತೆ ಹೋಗಿ ನೋಡಿದಾಗ ಕಾಣಿಸಿತು" ಅಂತ ಬರೆದಿದ್ದೀಯಲ್ಲ, ಆ "ಮತ್ತೆ" ನನಗೆ ಚುಚ್ಚುತ್ತಿದೆ. ಸ್ಟ್ರಿಪ್‌ನಲ್ಲಿ ಚಿನ್ನದ ಅತಿ ಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳು (ಆ್ಯಂಟಿಬಾಡಿ) ಇರುತ್ತವೆ. ಗುಲಾಬಿ ಬಣ್ಣ ಆ ಚಿನ್ನದ್ದೇ. ಅವು ಎಚ್‌ಸಿಜಿಯನ್ನು ಹಿಡಿದುಕೊಂಡು ಮೂತ್ರದ ಜೊತೆ ಸಾಗಿ, ಪರೀಕ್ಷೆಯ ಗೆರೆ ಮೂಡುವ 'ಟಿ' ಇರುವಲ್ಲಿ ಕೂರಿಸಿಟ್ಟ ಇನ್ನೊಂದು ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತವೆ. ಎಚ್‌ಸಿಜಿ ಇಲ್ಲದಿದ್ದರೂ ಆ ಜಾಗದಲ್ಲಿ ಪ್ರತಿಕಾಯದ ಪಟ್ಟೆ ಇದ್ದೇ ಇರುತ್ತದಷ್ಟೇ? ಮೂತ್ರ ಆರಿದ ಮೇಲೆ ಅದು ಬೂದುಬಣ್ಣದ ನೆರಳಿನಂತೆ ಎದ್ದು ಕಾಣುತ್ತದೆ. ನಿಜವಾದ ಗೆರೆಯಲ್ಲಿ ಬಣ್ಣ ಇರುತ್ತದೆ, ಅಗಲ ಪಕ್ಕದ 'ಸಿ' (ಕಂಟ್ರೋಲ್) ಗೆರೆಯಷ್ಟೇ ಇರುತ್ತದೆ, ಮೇಲಿಂದ ಕೆಳಗಿನವರೆಗೆ ಪೂರ್ತಿ ಇರುತ್ತದೆ, ಮತ್ತು ಐದು ನಿಮಿಷದೊಳಗೆ ಬರುತ್ತದೆ. ಹತ್ತು ನಿಮಿಷ ದಾಟಿದ ಮೇಲೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ನೀಲಿ ಬಣ್ಣದ ಕಿಟ್‌ಗಳಲ್ಲಿ ಈ ನೆರಳಿನ ಕಾಟ ಹೆಚ್ಚು, ಆದ್ದರಿಂದ ಗುಲಾಬಿಯದ್ದನ್ನೇ ತೆಗೆದುಕೋ. 'ಸಿ' ಗೆರೆ ದಟ್ಟವಾಗಿತ್ತು, ಹಾಗಾಗಿ ಕಿಟ್ ಸರಿಯಿತ್ತು ಅಂತಲೂ ಬರೆದಿದ್ದೀಯ. ಮೂತ್ರ ಅಲ್ಲಿಯವರೆಗೆ ಹರಿಯಿತು, ಬಣ್ಣ ಕೆಲಸ ಮಾಡಿತು ಎನ್ನುವುದಷ್ಟೇ 'ಸಿ' ಗೆರೆಯ ಮಾತು. ನೀನು ಬೇಗ ನೋಡಿದೆಯೋ ತಡವಾಗಿ ನೋಡಿದೆಯೋ ಅದಕ್ಕೇನು ಗೊತ್ತು?

ಅಂಡ ಬಿಡುಗಡೆಯಾಗಲೆಂದು ವೈದ್ಯರು ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರಾ? ಕಾಗದದಲ್ಲಿ ಆ ಮಾತಿಲ್ಲ, ಆದರೂ ಕೇಳುತ್ತೇನೆ. 5,000ದಿಂದ 10,000 ಯೂನಿಟ್ ಕೊಡುವ ಆ ಸೂಜಿಮದ್ದು ಮೈಯಿಂದ ಪೂರ್ತಿ ಹೋಗಲು ಹತ್ತರಿಂದ ಹದಿನಾಲ್ಕು ದಿನ ಬೇಕಾಗಬಹುದು. ಹತ್ತನೆಯ ದಿನ ತೆಳು ಗೆರೆ ಬಂದು ಹನ್ನೆರಡಕ್ಕೆ ಇಲ್ಲವಾದರೆ ಅದು ಔಷಧಿಯದೇ ಉಳಿಕೆ ಇರಬಹುದು. ನೋವಿನ ಮಾತ್ರೆ, ಆಂಟಿಬಯೋಟಿಕ್, ಮೊದಲು ನುಂಗುತ್ತಿದ್ದ ಗರ್ಭನಿರೋಧಕ ಮಾತ್ರೆ, ಇವು ಯಾವುವೂ ಗೆರೆ ತರುವುದಿಲ್ಲ, ಅಳಿಸುವುದೂ ಇಲ್ಲ.

ಇನ್ನು ನೀನು ಹೆದರಿರುವ ಸಂಗತಿ. ಗರ್ಭ ಕಚ್ಚಿತ್ತು, ನಿಲ್ಲಲಿಲ್ಲ. ಇದಕ್ಕೆ ಕೆಮಿಕಲ್ ಪ್ರೆಗ್ನೆನ್ಸಿ ಎನ್ನುತ್ತಾರೆ. ಎಂಥ ಒಣ ಹೆಸರು! ಕೇಳಿದವರಿಗೆ ಏನೋ ರಸಾಯನದ ಗಡಿಬಿಡಿ ಅನ್ನಿಸುತ್ತದೆ. ಅಲ್ಲ, ಅದು ನಿಜವಾದ ಗರ್ಭವೇ, ಕೆಲವೇ ದಿನದ್ದು.

ಸಂಶೋಧಕ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ 221 ಹೆಂಗಸರ ಮೂತ್ರವನ್ನು ದಿನದಿನವೂ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಬಾಯಿಪಾಠ. ಕಂಡುಬಂದ ಗರ್ಭಗಳಲ್ಲಿ ನೂರಕ್ಕೆ 22, ಗರ್ಭವೆಂದು ಯಾರ ಗಮನಕ್ಕೂ ಬರುವ ಮೊದಲೇ ಮುಗಿದಿದ್ದವು. ಹೆಚ್ಚುಕಡಿಮೆ ಐದರಲ್ಲಿ ಒಂದು. ಅದೇ ಗುಂಪಿನ ಮಾಹಿತಿಯಿಂದ ಮುಂದೆ ತಿಳಿದದ್ದು: ಭ್ರೂಣ ಗರ್ಭಕೋಶದ ಗೋಡೆಗೆ ಕಚ್ಚುವುದು ಅಂಡೋತ್ಪತ್ತಿಯಾದ ಆರನೆಯ ದಿನದಿಂದ ಹನ್ನೆರಡನೆಯ ದಿನದ ತನಕ ಯಾವಾಗ ಬೇಕಾದರೂ ಆಗಬಹುದು, ಬಹುಪಾಲು ಎಂಟು, ಒಂಬತ್ತು, ಹತ್ತನೆಯ ದಿನಗಳಲ್ಲಿ. ಕಚ್ಚಿದ ಮೇಲೆ, ಮುಂದೆ ಮಾಸು ಆಗಬೇಕಾದ ಕೋಶಗಳಿಂದ ಎಚ್‌ಸಿಜಿ ರಕ್ತಕ್ಕೆ ಬರುತ್ತದೆ, ಆಮೇಲೆ ಮೂತ್ರಕ್ಕೆ. ಹತ್ತನೆಯ ದಿನ ಸ್ಟ್ರಿಪ್ ಅದ್ದುವುದೆಂದರೆ ಬಿತ್ತಿದ ಬೀಜ ಬೇರು ಬಿಟ್ಟಿದೆಯೇ ಎಂದು ಮಣ್ಣು ಕೆದಕಿ ನೋಡಿದ ಹಾಗೆ. ಬಯ್ಯುತ್ತಿಲ್ಲ ಮಗಳೇ. ಅಷ್ಟು ಚುರುಕಿನ ಸ್ಟ್ರಿಪ್ ಕೈಯಲ್ಲಿದ್ದರೆ ಯಾರು ತಾನೇ ಕಾಯುತ್ತಾರೆ?

ಲ್ಯಾಬಿನಲ್ಲಿ ನಾವು ಸ್ಲೈಡಿನ ಮೇಲೆ ಲ್ಯಾಟೆಕ್ಸ್ ಹನಿ ಕಲಸಿ ನೋಡುತ್ತಿದ್ದ ಕಾಲದಲ್ಲಿ ನೂರಾರು ಯೂನಿಟ್ ಇಲ್ಲದೆ ಏನೂ ತಿಳಿಯುತ್ತಿರಲಿಲ್ಲ. ಮುಟ್ಟು ತಪ್ಪಿ ಒಂದೆರಡು ವಾರವಾದರೂ ಆಗಿರಬೇಕಿತ್ತು. ನಾಲ್ಕೈದು ದಿನ ತಡವಾಗಿ ಮುಟ್ಟಾದವರು "ಈ ಸಲ ತಡವಾಯಿತು" ಎಂದು ಸುಮ್ಮನಾಗುತ್ತಿದ್ದರು. ಆ ತಡದಲ್ಲಿ ಎಷ್ಟೋ ಸಲ ಗರ್ಭವೇ ಬಂದುಹೋಗಿರುತ್ತಿತ್ತು, ಆದರೆ ಅದನ್ನು ಹೇಳುವ ಗೆರೆ ಇರಲಿಲ್ಲ. ನಾವಾದರೂ ರಿಪೋರ್ಟಿನಲ್ಲಿ "ನೆಗೆಟಿವ್" ಎಂದು ಒಂದೇ ಪದ ಬರೆದು ಸಹಿ ಹಾಕಿ ಕಳಿಸುತ್ತಿದ್ದೆವು. ಎಷ್ಟನೆಯ ದಿನದ ಸ್ಯಾಂಪಲ್ ಎಂದು ಕೇಳುತ್ತಿರಲಿಲ್ಲ. "ಬೇಗ ಬಂದಿದ್ದೀರಿ, ವಾರ ಬಿಟ್ಟು ಬನ್ನಿ" ಎಂದು ಕೆಳಗೆ ಒಂದು ಸಾಲು ಸೇರಿಸಬಹುದಿತ್ತು. ಸೇರಿಸಲಿಲ್ಲ. ಈಗ ನಿನಗೆ ಇಷ್ಟುದ್ದ ಬರೆಯುತ್ತಿರುವುದು ಆ ಸಾಲಿನ ಬಾಕಿಯೂ ಹೌದೇನೋ.

ಮತ್ತೆ ನಿನ್ನ ಮಾತಿಗೇ ಬರುತ್ತೇನೆ. ಮೆಟ್ಟಿಲು ಹತ್ತಿದೆ, ಭಾರ ಎತ್ತಿದೆ, ರಾತ್ರಿ ನಿದ್ದೆಗೆಟ್ಟೆ ಎಂದು ಪಟ್ಟಿ ಮಾಡಿದ್ದೀಯ. ಇಷ್ಟು ಬೇಗ ನಿಂತುಹೋಗುವ ಗರ್ಭಗಳಲ್ಲಿ ಹೆಚ್ಚಿನವುಗಳ ತೊಡಕು ಕ್ರೋಮೋಸೋಮುಗಳ ಎಣಿಕೆಯಲ್ಲಿರುತ್ತದೆ. ಒಂದು ಹೆಚ್ಚು, ಇಲ್ಲವೆ ಒಂದು ಕಡಿಮೆ. ನೀನು ಸ್ಟ್ರಿಪ್ ಕೊಳ್ಳುವುದಕ್ಕೂ ಮುಂಚೆಯೇ ಅದು ತೀರ್ಮಾನವಾಗಿರುತ್ತದೆ. ನಿನ್ನ ಪಟ್ಟಿಯಲ್ಲಿರುವ ಒಂದು ಕೆಲಸಕ್ಕೂ ಆ ಎಣಿಕೆಯನ್ನು ಬದಲಿಸುವ ಶಕ್ತಿ ಇಲ್ಲ.

ಡಬ್ಬಿಯ ಮೇಲಿನ "99 ಪ್ರತಿಶತ ನಿಖರ" ಎಂಬುದನ್ನು ಹಿಡಿದು "ಹಾಗಾದರೆ ಎರಡರಲ್ಲಿ ಯಾವುದು ನಿಜ" ಎಂದೂ ಕೇಳಿದ್ದೀಯ. ಆ ಮಾತಿನ ಪಕ್ಕದಲ್ಲಿ ಚುಕ್ಕಿ ಗುರುತು ಇರುತ್ತದೆ, ಅಡಿಯಲ್ಲಿ ಸಣ್ಣಕ್ಷರದ ಸಾಲಿರುತ್ತದೆ, ಓದು: ಮುಟ್ಟು ಆಗಬೇಕಾದ ದಿನದಿಂದ ಎಂದಿರುತ್ತದೆ. ವಿಲ್ಕಾಕ್ಸ್ ಗುಂಪಿನವರೇ 2001ರಲ್ಲಿ ತೋರಿಸಿದಂತೆ, ಮುಟ್ಟು ತಪ್ಪಿದ ಮೊದಲ ದಿನದಂದು ಹತ್ತರಲ್ಲಿ ಒಂದು ಗರ್ಭ ಇನ್ನೂ ಕಚ್ಚಿಯೇ ಇರುವುದಿಲ್ಲ. ಇಲ್ಲದ ಹಾರ್ಮೋನನ್ನು ಎಂಥ ಕಿಟ್ ತಾನೇ ಹಿಡಿದೀತು? ಅಂದು ನೂರಕ್ಕೆ 90 ಸಿಕ್ಕರೆ ಅದೇ ಮೇರೆ. ಒಂದು ವಾರ ಕಾದರೆ 97.

ಸರಿ, ಈಗ ಮಾಡುವುದೇನು? ಹೇಳುವುದು ಸುಲಭ, ಕಾಯುವುದು ನೀನು, ಅದಕ್ಕೇ ಹಿಂಜರಿಕೆ. ಇನ್ನೊಂದು ಕಿಟ್ ಹಾಕುವುದಾದರೆ ಮುಟ್ಟಿನ ದಿನ ಕಳೆದ ಮೇಲೆ ಹಾಕು. ಒಂದೇ ಕಂಪನಿಯ, ಸಾಧ್ಯವಾದರೆ ಒಂದೇ ಬ್ಯಾಚಿನ ಎರಡು ಸ್ಟ್ರಿಪ್ ಇಟ್ಟುಕೋ. ಎರಡರ ನಡುವೆ 48 ಗಂಟೆ ಬಿಡು, ಎರಡೂ ಬೆಳಗಿನ ಮೊದಲ ಮೂತ್ರದಲ್ಲೇ ಆಗಲಿ. ಮೂತ್ರ ಹಿಡಿಯುವ ಲೋಟದಲ್ಲಿ ಸೋಪಿನ ಅಂಶ ಇರಬಾರದು. ಪೊಟ್ಟಣವನ್ನು ಅದ್ದುವ ಹೊತ್ತಿಗೇ ಒಡೆ, ತೇವದ ಗಾಳಿ ತಾಗಿದರೆ ಸ್ಟ್ರಿಪ್ ಕೆಡುತ್ತದೆ. ಅದ್ದುವಾಗ ಬಾಣದ ಕೆಳಗಿನ ಗೆರೆ ದಾಟಬಾರದು, ದಾಟಿದರೆ ಬಣ್ಣ ತೊಳೆದು ಹೋಗಿ ಗೆರೆ ಕಲಸಿಹೋಗುತ್ತದೆ. ಚೀಟಿಯಲ್ಲಿ ಹೇಳಿದಷ್ಟೇ ಸೆಕೆಂಡು ಅದ್ದಿ, ಮಟ್ಟಸವಾದ ಕಡೆ ಮಲಗಿಸಿ, ಗಡಿಯಾರ ಇಟ್ಟುಕೊಂಡು ಐದನೆಯ ನಿಮಿಷಕ್ಕೆ ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ, ಆಮೇಲೆ ಬಿಸಾಡು. ಕಸದಬುಟ್ಟಿಯಿಂದ ಮತ್ತೆ ಎತ್ತಿ ನೋಡಬೇಡ. ನೋಡುತ್ತೀಯ ಅಂತ ಗೊತ್ತು, ಆದರೂ ಹೇಳುತ್ತೇನೆ. ಗೆರೆ ಎಷ್ಟು ದಟ್ಟ ಎಂದು ಅಳೆಯುತ್ತಾ ಕೂರಬೇಡ, ಸ್ಟ್ರಿಪ್‌ನಿಂದ ಸ್ಟ್ರಿಪ್‌ಗೆ ಚಿನ್ನ ಹಚ್ಚಿದ್ದೇ ಏರುಪೇರಿರುತ್ತದೆ.

ಕಾಯಲು ಆಗುವುದೇ ಇಲ್ಲವೆಂದರೆ ರಕ್ತದ ಬೀಟಾ ಎಚ್‌ಸಿಜಿ ಮಾಡಿಸು. 5ಕ್ಕಿಂತ ಕಡಿಮೆ ಇದ್ದರೆ ಇಲ್ಲ, 25 ದಾಟಿದ್ದರೆ ಇದೆ, ನಡುವೆ ಬಂದರೆ 48 ಗಂಟೆ ಬಿಟ್ಟು ಅದೇ ಲ್ಯಾಬಿನಲ್ಲಿ ಇನ್ನೊಮ್ಮೆ. ಒಂದು ಸಂಖ್ಯೆಗಿಂತ ಎರಡರ ನಡುವಿನ ಏರಿಕೆಯಲ್ಲಿ ಹೆಚ್ಚು ಸುದ್ದಿ ಇರುತ್ತದೆ. ಮುಟ್ಟು ತಪ್ಪಿ ವಾರವಾಗಿಯೂ ಗೆರೆ ಬರದಿದ್ದರೆ ಅಂಡೋತ್ಪತ್ತಿಯ ಲೆಕ್ಕವೇ ತಪ್ಪಿರಬಹುದು, ಆಗ ವೈದ್ಯರ ಹತ್ತಿರ ಹೋಗು.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡ. ಗೆರೆ ಇರಲಿ ಬಿಡಲಿ, ಹೊಟ್ಟೆಯ ಒಂದೇ ಕಡೆ ಹಿಂಡುವ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದು ಕುಸಿದಂತಾಗುವುದು ಕಂಡರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡು. ಗರ್ಭ ಇದೆಯೆಂದಷ್ಟೇ ಸ್ಟ್ರಿಪ್ ಹೇಳೀತು, ಗರ್ಭಕೋಶದಲ್ಲಿದೆಯೋ ಅಂಡ ಸಾಗಿಬರುವ ಟ್ಯೂಬಿನಲ್ಲಿದೆಯೋ ಹೇಳುವುದಿಲ್ಲ. ಗರ್ಭ ಟ್ಯೂಬಿನಲ್ಲಿದ್ದಾಗ ಗೆರೆ ತೆಳುವಾಗಿಯೇ ಉಳಿದುಬಿಡುವುದುಂಟು. ಇದನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಯೋಚಿಸಿದೆ, ನಿನ್ನ ಭಯಕ್ಕೆ ಇನ್ನೊಂದು ಸೇರಿಸಿದಂತಾಯಿತಲ್ಲ ಎಂದು. ಆದರೂ ಗೊತ್ತಿರಲಿ.

ಈ ಕಾಗದ ತಲುಪುವ ಹೊತ್ತಿಗೆ ನಿನಗೆ ಮುಟ್ಟಾಗಿರಬಹುದು. ಎಂದಿಗಿಂತ ತುಸು ಹೆಚ್ಚು ಹೋದರೆ ಗಾಬರಿ ಬೇಡ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟಾದರೆ, ಜ್ವರ ಬಂದರೆ ತೋರಿಸು. ಇಲ್ಲವಾದರೆ ನಂತರದ ತಿಂಗಳೇ ಮತ್ತೆ ಪ್ರಯತ್ನಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಫೋಲಿಕ್ ಆ್ಯಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಬಿಡದೆ ನುಂಗುತ್ತಿರು.

ಮೊದಲ ಸ್ಟ್ರಿಪ್ಪನ್ನು ಎತ್ತಿಟ್ಟುಕೊಂಡಿದ್ದೇನೆ ಅಂತ ಬರೆದಿದ್ದೀಯ. ಎಸೆ ಅನ್ನಲಾರೆ, ಇಟ್ಟುಕೋ. ಆದರೆ ಹೊರಗೆ ತೆಗೆದು ಬೆಳಕಿಗೆ ಹಿಡಿದು ಓದಬೇಡ. ಅದು ಆರಿ ಎಷ್ಟೋ ದಿನವಾಯಿತು. ಈಗ ಅದರಲ್ಲಿ ಕಾಣುವುದು ಆ ದಿನದ್ದಲ್ಲ.

ನಿನ್ನ ಚಿಕ್ಕಮ್ಮ