ಅವನನ್ನು ತೆವಳಿಸಬೇಡ

ಮಗಳೆ,

ಧಾರವಾಡ ಮುಟ್ಟಿದೆ ಅಂತ ನಿಮ್ಮವ್ವನಿಗೆ ಮಾತ್ರ ಫೋನ್ ಮಾಡಿದೆಯಂತೆ. ಇರಲಿ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, ಗುಡಿ ಮುಂದಿನ ಆ ಮನುಷ್ಯನ ಮೇಲೆ ನೀನು ಬರೆದ ಕವಿತೆಯ ಮಾತು ತೆಗೆಯಬಾರದಿತ್ತು. ಆದರೆ ಆಡಿದ ಮಾತು ವಾಪಸ್ ತಗೊಳ್ಳೋದಿಲ್ಲ. ಶನಿವಾರದ ಕವಿಗೋಷ್ಠಿಯಲ್ಲಿ ನೀನು ಅದನ್ನೇ ಓದುತ್ತೀ. ಅದಕ್ಕೇ ಈ ಪತ್ರ.

'ಕುಂಟ' ಅನ್ನೋದನ್ನು ಹೊಡೆದುಹಾಕಿ 'ವಿಕಲಚೇತನ' ಅಂತ ಬರೆದಿದ್ದೀ. ಒಳ್ಳೇದು. ಮೊದಲು ಅಂಗವಿಕಲ ಇತ್ತು, ಆಮೇಲೆ ವಿಕಲಚೇತನ ಬಂತು, 2015ರಲ್ಲಿ ಪ್ರಧಾನಿ ದಿವ್ಯಾಂಗ ಅಂದರು. ಆದರೆ ನಿನ್ನ ಮುಂದಿನ ಸಾಲಿನಲ್ಲೇ ಅವನು 'ತೆವಳುತ್ತ' ಬರುತ್ತಾನಲ್ಲ! ಹುಳ ತೆವಳುತ್ತದೆ. ಹೆಸರಿನಲ್ಲಿ ಕೊಟ್ಟ ಮರ್ಯಾದೆಯನ್ನು ಕ್ರಿಯಾಪದದಲ್ಲಿ ಕಿತ್ತುಕೊಂಡೆ.

ಶರಣಬಸವೇಶ್ವರ ಗುಡಿ ಮುಂದಿನ ಆ ಮನುಷ್ಯನನ್ನು ನಾನೂ ನೋಡುತ್ತಲೇ ಇದ್ದೇನೆ. ಬೇರಿಂಗ್ ಹಚ್ಚಿದ ಹಲಗೆ. ಎರಡೂ ಕೈಗೆ ಹವಾಯಿ ಚಪ್ಪಲಿ. ಎಡಗೈಯದಕ್ಕೆ ನೀಲಿ ಪಟ್ಟಿ, ಬಲಗೈಯದು ಕಿತ್ತುಹೋಗಿ ಸುತಳಿ ಕಟ್ಟಿದ್ದಾನೆ. ನೆಲಕ್ಕೆ ಒಂದು ನೂಕು ಕೊಟ್ಟರೆ ಹಲಗೆ ಸರ್ರನೆ ಹೋಗಿ ತೆಂಗಿನಕಾಯಿ ಅಂಗಡಿ ಮುಂದೆ ಕರೆಕ್ಟಾಗಿ ನಿಲ್ಲುತ್ತದೆ. ಒಮ್ಮೆ ಯಾರೋ ಹರಿದ ಹತ್ತರ ನೋಟು ಹಾಕಿದರು. "ಇದು ನಿಮ್ಮ ಮನ್ಯಾಗ ನಡೀತದೇನ್ರಿ?" ಅಂತ ಅಲ್ಲೇ ವಾಪಸ್ ಕೊಟ್ಟ. ಜಾತ್ರೆ ಬಂದರೆ ಜನರ ಚಪ್ಪಲಿ ಕಾಯುತ್ತಾನೆ, ರೇಟಿನಲ್ಲಿ ಚೌಕಾಸಿ ಇಲ್ಲ. ನೂಕುತ್ತಾನೆ, ತಿರುಗುತ್ತಾನೆ, ಬೈಯುತ್ತಾನೆ. ತೆವಳೋದನ್ನು ನೀನು ಎಲ್ಲಿ ನೋಡಿದೆ? ಅದರ ಮೇಲೆ 'ಅಸಹಾಯಕ' ಬೇರೆ, ಎರಡೆರಡು ಸಲ. ಆ ಸುತಳಿ ಎಲ್ಲಿ ಹೋಯ್ತು?

ಅಕ್ಕಮಹಾದೇವಿ ತನ್ನ ವಚನದಲ್ಲಿ ಭಿಕ್ಷೆಯನ್ನು ಹೇಗೆ ಹೇಳಿದ್ದಾಳೆ ನೋಡು. ಮನೆ ಮನೆಗೆ ಕೈಯೊಡ್ಡಿ ಬೇಡುವಂತೆ ಮಾಡು, ಬೇಡಿದರೆ ಇಕ್ಕದಂತೆ ಮಾಡು, "ಇಕ್ಕಿದಡೆ ನೆಲಕ್ಕೆ ಬೀಳುವಂತೆ ಮಾಡಯ್ಯಾ" ಅಂತಾಳೆ. ಬಿದ್ದದ್ದನ್ನು ತಾನು ಎತ್ತಿಕೊಳ್ಳುವ ಮೊದಲೇ ನಾಯಿ ಎತ್ತಿಕೊಳ್ಳಬೇಕಂತೆ. ಒಡ್ಡು, ಬೇಡು, ಇಕ್ಕು, ಬೀಳು, ಎತ್ತು. ಬರೀ ಕೆಲಸ. ಎಲ್ಲೂ 'ದೀನ' ಇಲ್ಲ, 'ಪಾಪ' ಇಲ್ಲ. ಬಸವಣ್ಣ "ಅತ್ತಲಿತ್ತ ಹೋಗದಂತೆ ಹೆಳವನ ಮಾಡಯ್ಯಾ ತಂದೆ" ಅಂದದ್ದೂ ತನಗೇ, ಇನ್ನೊಬ್ಬನ ಕಡೆ ಬೆರಳು ಮಾಡಿ ಅಲ್ಲ. ಕಾಲು ಗಟ್ಟಿ ಇದ್ದವರು ಹಾಗೆ ಬೇಡೋದು ಸುಲಭ ಅಲ್ವಾ ಅಂತ ನೀನು ಕೇಳ್ತೀ. ಕೇಳು, ನನಗೂ ಅದಕ್ಕೆ ಉತ್ತರ ಹೊಳೆದಿಲ್ಲ.

ಪಾಠ ಜಾಸ್ತಿ ಆಯ್ತು. ರಿಟೈರ್ ಆದರೂ ಮಾಸ್ತರಿಕೆ ಬಿಡೋದಿಲ್ಲ ಅಂತ ನಿಮ್ಮವ್ವ ಬೈಯ್ತಿದ್ದಾಳೆ. ಅವಳಿಗೆ ಗೊತ್ತಿಲ್ಲ, ನಿನ್ನ ಕವಿತೆ ಝೆರಾಕ್ಸ್ ಮಾಡಿಸಿ ಸೂಪರ್ ಮಾರ್ಕೆಟ್‌ನ ಗೆಳೆಯರಿಗೆಲ್ಲ ಹಂಚಿದ್ದೇನೆ, 'ತೆವಳುತ್ತ' ಇದ್ದ ಹಾಗೇ. ಮಳೆಗಾಲದ ಗುಡಿ ಅಂಗಳದ ಆ ನಾಲ್ಕು ಸಾಲು ನನ್ನಿಂದ ಬರೆಯೋಕೆ ಆಗೋದಿಲ್ಲ.

ನನ್ನ ಹೆದರಿಕೆ ಬೇರೆ. ಮರುಕದ ಸಾಲಿಗೆ ಸಭೆ ಚಪ್ಪಾಳೆ ತಟ್ಟುತ್ತೆ. ಅದರ ರುಚಿ ಹತ್ತಿದರೆ ದಾರಿಯಲ್ಲಿ ಸಿಕ್ಕವರೆಲ್ಲ ನಿನಗೆ ಪಾಪದವರೇ ಆಗ್ತಾರೆ.

ತಿದ್ದಿದ್ದು ಕಳಿಸು. ಕಳಿಸದಿದ್ದರೂ ಮೆಸ್ಸಿನ ದುಡ್ಡು ಸೋಮವಾರ ಹಾಕುತ್ತೇನೆ.

ನಿನ್ನ ಅಪ್ಪ
ಕಲಬುರಗಿ