ಮಗಳಿಗೊಂದು ಪತ್ರ: ಆ ರೊಟ್ಟಿ ಸೀನು ನಿಂದ

ಚಿ. ನೀಲಾಗ ಅಪ್ಪನ ಆಶೀರ್ವಾದಗಳು.

ಫೋನ್ ಎತ್ತವಲ್ಲಿ, ಅದಕ್ಕ ಕಾಗದ ಬರಿಯಾಕತ್ತೀನಿ. ನಿಮ್ಮವ್ವನ ಜೋಡಿ ಮಾತಾಡಿ ಇಟ್ಟುಬಿಡ್ತಿ, ಅಪ್ಪಗ ಕೊಡು ಅನ್ನೂದಿಲ್ಲ. ಇರಲಿ. ನೀ ಬೆಂಗಳೂರಿಗೆ ಹೊಂಟ ದಿನ ನಮ್ಮಿಬ್ಬರ ನಡುವ ಆದ ಮಾತು ಇಲ್ಲಿ ಎತ್ತೂದಿಲ್ಲ. ನಿನಗೂ ನೆನಪೈತಿ, ನನಗೂ ನೆನಪೈತಿ.

ನೀ ಮಾತು ಬರದ ಪಿಕ್ಚರ್ ನೋಡಿದ್ವಿ. ಗದಗಿಗೆ ಬರಲಿಲ್ಲ, ಹುಬ್ಬಳ್ಳಿಗೇ ಹೋದ್ವಿ. ನಾನು, ನಿಮ್ಮವ್ವ, ನಿಮ್ಮ ಮಾವ, ಅತ್ತಿ. "ನಮ್ಮ ಹುಡುಗಿ ಮಾತು ಬರದಾಳ, ಹೆಸರು ಬರತೈತಿ ನೋಡ್ರಿ" ಅಂತ ಅಣ್ಣಿಗೇರಿ ದಾಟೂತನಕ ಬಸ್ಸಿನಾಗ ಹೇಳಿಕೋತ ಹೋಗಿದ್ದೆ. ಶುರುವಿಗೆ ಹೆಸರು ಬಂದ್ವು, ನಿಂದಿಲ್ಲ. ಕಡೀಕ ಬರತಿರಬೇಕು ಅಂದ್ಕೊಂಡ್ವಿ. ಕಡೀಕ ಸಣ್ಣ ಅಕ್ಷರದಾಗ ಸರಸರ ಏರಿದ್ವು: ಲೈಟ್ ಹಿಡದವರು, ಊಟ ಕೊಟ್ಟವರು, ಗಾಡಿ ಹೊಡದವರು, ಶೂಟಿಂಗಿಗೆ ಮನಿ ಬಿಟ್ಟುಕೊಟ್ಟವರು. ಪರದೆ ಬೆಳ್ಳಗಾದರೂ ನಾ ಏಳಲಿಲ್ಲ. ಕಸ ಹೊಡಿಯಾಂವ ಬಂದು "ಮುಗೀತ್ರಿ ಯಜಮಾನ್ರ" ಅಂದ. ನಿಮ್ಮ ಮಾವ "ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ" ಅಂತಾನ. ನನ್ನ ಕಣ್ಣಿಗೇನಾಗೈತಿ? ಅಡಗಿ ಮಾಡಿದವನ ಹೆಸರು ಓದಿದ ಕಣ್ಣು ನಿನ್ನ ಹೆಸರು ಬಿಡತೈತೇನು?

ಆದರ ರೊಟ್ಟಿ ಸೀನು ನಿಂದು ಅನ್ನಾಕ ನನಗ ಹೆಸರು ಬೇಕಾಗಲಿಲ್ಲ. ಗಂಡ ಹೊತ್ತು ಮೀರಿ ಬರತಾನ, ಕಾಲು ತೊಳಕೊಂಡು ಮಣೆ ಹಾಕ್ಕೊಂಡು ಕೂಡತಾನ. ಆಕಿ ತಿರುಗಿ ನೋಡೂದಿಲ್ಲ. ಹಿಟ್ಟು ನಾದತಾಳ, ರೊಟ್ಟಿ ಬಡಿಯಾಕ ಹತ್ತತಾಳ. ಮೊದಲ ಸಪ್ಪಳ ಸಾವಕಾಶ. ಆಂವ ಒಮ್ಮೆ ಕೆಮ್ಮತಾನ, ಸಪ್ಪಳ ಏರತೈತಿ. ಗಂಗಾಳ ಸರಿಸತಾನ, ಮತ್ತಷ್ಟು ಏರತೈತಿ. ರೊಟ್ಟಿ ಅಂಚು ಸೀಳಿತು. ಆಕಿ ಬೆರಳು ನೀರಾಗ ಎದ್ದಿ ಅಂಚು ಕೂಡಿಸಿ, ಮತ್ತ ಬಡದಳು. ಅದು ನಿಮ್ಮಜ್ಜಿ. ನಮ್ಮಪ್ಪನ ಮ್ಯಾಲೆ ಆಕಿಗೆ ಸಿಟ್ಟು ಬಂದ್ರ ಇಡೀ ಓಣಿಗೆ ಗೊತ್ತಾಗತಿತ್ತು, ಬಾಯಾಗಿಂದ ಒಂದು ಮಾತು ಹೊರಗ ಬರತಿರಲಿಲ್ಲ. ನಿಮ್ಮತ್ತಿ ಕತ್ತಲಾಗ ನನ್ನ ಕೈ ಹಿಂಡಿ "ಅವ್ವ!" ಅಂದಳು.

ಅಷ್ಟಕ್ಕ ಬಿಡಬೇಕೋ ಬ್ಯಾಡೋ? ಆ ಹೀರೋಯಿನ್ ತಿರುಗಿ "ನಂಗೆ ನಿಮ್ಮೇಲೆ ತುಂಬಾ ಕೋಪ ಬಂದಿದೆ ರೀ" ಅಂತಾಳ. ರೊಟ್ಟಿ ನಮ್ಮ ಕಡೀದು, ಮಾತು ಬೆಂಗಳೂರಿಂದು. ಆ ಸಾಲು ನೀ ಬರದದ್ದಲ್ಲ ಅಂತ ನಾ ಸ್ಟಾಂಪ್ ಪೇಪರಿನ ಮ್ಯಾಲೆ ಬರದುಕೊಡತೀನಿ.

ಇದನ್ನ ನನಗ ಕಲಿಸಿದಾಕಿ ನೀನ. ಸತ್ಯಜಿತ್ ರಾಯ್ ಅವರ 1955ರ "ಪಥೇರ್ ಪಾಂಚಾಲಿ" ಹಚ್ಚಿ ತೋರಿಸಿದ್ದಿ. ಅಪ್ಪ ಹರಿಹರ ಬಾಳ ದಿನದ ಮ್ಯಾಲೆ ಊರಿಂದ ಬಂದು ತಂದ ಸಾಮಾನು ಒಂದೊಂದ ತಗದು ತೋರಿಸತಾನ, ಕಡೀಕ ದುರ್ಗಾಳ ಸೀರಿ. ಮಗಳು ತೀರಿಕೊಂಡದ್ದು ಅವಂಗ ಗೊತ್ತಿಲ್ಲ. ತಾಯಿ ಬಾಯಿ ತೆರೀತಾಳ, ಅಳು ಕೇಳಿಸೂದಿಲ್ಲ, ತಾರ್ ಶಹನಾಯಿ ಅನ್ನೂ ತಂತಿ ವಾದ್ಯ ಚೀರತೈತಿ. "ಮಗಳು ಸತ್ತಳು ಅಂತ ಆಕಿ ಬಾಯಿಬಿಟ್ಟು ಹೇಳಿದ್ರ ಸೀನು ಸತ್ತಿರತಿತ್ತು ಅಪ್ಪ" ಅಂದಿದ್ದಿ. ಖರೇ ಹೇಳಬೇಕಂದ್ರ ಅವತ್ತಿಂದ ಆ ಸೀರಿ ನನ್ನ ತಲ್ಯಾಗ ಕೂತೈತಿ. ನಿನಗ ಅಂತ ಏನರ ಕೊಳ್ಳಾಕ ಹೋದ್ರ ಕೈ ನಡುಗತೈತಿ. ನೀ ಫೋನ್ ಎತ್ತದಿದ್ರ ಅಂತೂ ಹೇಳಬ್ಯಾಡ.

ಹಾಲಿವುಡ್ಡಿನ ವೈಲ್ಡರ್ ಮತ್ತ ಡೈಮಂಡ್ ಬರದ 1960ರ "ದಿ ಅಪಾರ್ಟ್‌ಮೆಂಟ್" ನನಗ ಇನ್ನೂ ಹೆಚ್ಚು ಸೇರಿತು. ಹೀರೋನ ಮನ್ಯಾಗ ಅವನ ಸಾಹೇಬ ಗುಟ್ಟಾಗಿ ಒಬ್ಬಾಕಿನ್ನ ಭೆಟ್ಟಿ ಆಗತಿರತಾನ. ಆಕಿ ಬಿಟ್ಟುಹೋದ ಒಡಕು ಕನ್ನಡಿ, ಯಾರದು ಅಂತ ಗೊತ್ತಿಲ್ಲದ, ಹೀರೋ ಸಾಹೇಬಗ ಮುಟ್ಟಿಸಿರತಾನ. ಮುಂದ ಒಂದಿನ ಟೊಪ್ಪಿಗಿ ಚಂದ ಕಾಣತೈತೋ ಇಲ್ಲೋ ನೋಡ್ಕೋ ಅಂತ ತಾ ಮನಸಾರೆ ಮೆಚ್ಚಿದ ಹುಡುಗಿ ಕನ್ನಡಿ ಕೊಡತಾಳ, ಅದ ಒಡಕು ಕನ್ನಡಿ. ಗುಟ್ಟು ಯಾರೂ ಬಿಚ್ಚಿ ಹೇಳಲಿಲ್ಲ, ಬಿರುಕು ಹೇಳಿತು. ಮೂರನೇ ಅಂಕ ಕೆಟ್ಟೈತಿ ಅಂದ್ರ ರೋಗ ಮೊದಲನೇದರಾಗ ಐತಿ ಅಂತ ಅದ ವೈಲ್ಡರ್ ಹೇಳತಿದ್ದ. ನೀ ಕಳಿಸಿದ ಹೊಸ ಸ್ಕ್ರಿಪ್ಟಿನ ಕೊನಿ ಸಪ್ಪಗೈತಿ ಅಂತ ನಾ ಅಂದದ್ದಕ್ಕ ಸಿಟ್ಟಾದಿ. ಕೊನಿ ಮುಟ್ಟಬ್ಯಾಡ. ಆ ತಮ್ಮ ಯಾಕ ಊರು ಬಿಟ್ಟ ಅನ್ನೂದು ಮೊದಲ ಹತ್ತು ಪುಟದಾಗ ಎಲ್ಲಿ ಐತಿ?

ಈಗ ಹೆಸರಿನ ಮಾತು. ಸಬ್ ರಜಿಸ್ಟ್ರಾರ್ ಆಫೀಸಿನ ಮುಂದ ಇಷ್ಟು ವರ್ಷ ಖರೇದಿ ಪತ್ರ ಬರಕೋತ ಕೂತಾಂವ ನಾನು. ಹೊಲ ನನ್ನದಲ್ಲ, ರೊಕ್ಕ ನನ್ನದಲ್ಲ, ಆದರೂ ಕೆಳಗ ಬಿಕ್ಕಲಂ, ಅಂದ್ರ ಪತ್ರ ಬರದವರು, ಅಂತ ನನ್ನ ಹೆಸರು ಇರತೈತಿ. ನೀ ಬಾಯಿಮಾತಿಗೆ ನಂಬಿ ಬರದುಕೊಟ್ಟಿ. ಕಾಪಿರೈಟ್ ಕಾಯ್ದೆ ತಗದು ಓದು. 57ನೇ ಕಲಂ: ಹಕ್ಕು ಮಾರಿದ ಮ್ಯಾಲೂ ಬರದವರು ತಾವು ಅನ್ನೂ ಹಕ್ಕು ಬರದವರ ಕಡೇನ ಉಳೀತೈತಿ. 19ನೇ ಕಲಂ: ಹಕ್ಕು ವರ್ಗಾವಣೆ ಬರಹದಾಗ, ಸಹಿ ಸಮೇತ ಇರಬೇಕು. 2012ರ ತಿದ್ದುಪಡಿ ರಾಯಲ್ಟಿದು, ಅದಕ್ಕ ಹಿಂದಿ ಪಿಕ್ಚರಿನ ಬರಹಗಾರ ಜಾವೇದ್ ಅಖ್ತರ್ ಬಾಳ ಗುದ್ದಾಡಿದರು. ಅವರೂ ಅವರ ಜೋಡಿ ಬರೀತಿದ್ದ ಸಲೀಂ ಖಾನರೂ 1973ರಾಗ "ಜಂಜೀರ್" ಪೋಸ್ಟರಿನ ಮ್ಯಾಲೆ ತಮ್ಮ ಹೆಸರಿಲ್ಲ ಅಂತ ತಾವ ರೊಕ್ಕ ಕೊಟ್ಟು ಮುಂಬೈ ತುಂಬ ಹೆಸರು ಬರಸಿದರು. ಅಂಥವರಿಗ ಅದಾತು ಅಂದ ಮ್ಯಾಲೆ ನಿನ್ನದೇನು. ಮುಂಬೈದಾಗ ಚಿತ್ರಕಥೆ ಬರಿಯೋರ ಸಂಘ ಐತಿ, ಸದಸ್ಯರಾದ್ರ ಸ್ಕ್ರಿಪ್ಟ್ ನೋಂದಣಿ ಮಾಡಿಕೊಡತಾರ. ಮಾಡಿಸು. ಮತ್ತ ಉಪದೇಶ ಶುರುವಾತು ಅಂತ ನಗಬ್ಯಾಡ.

ನಿಮ್ಮವ್ವ ಬ್ಯಾರೆ ಹೇಳತಾಳ. "ವೀರನಾರಾಯಣ ಕವಿ, ನಾ ಬರೇ ಲಿಪಿಕಾರ ಅಂದ ಕುಮಾರವ್ಯಾಸ. ಹೆಸರಿಗೆ ಯಾಕ ಇಷ್ಟು ಒದ್ದಾಡತೀರಿ?" ಅಂತ. ಹಂಗಂದ ಸಾಲಿನಾಗ ತನ್ನ ಹೆಸರು ಸೇರಿಸೂದು ಆಂವ ಬಿಟ್ಟನೇನು ಅಂತ ಕೇಳಿದೆ. ಉತ್ತರ ಬರಲಿಲ್ಲ.

ಹುಬ್ಬಳ್ಳಿಯಿಂದ ಬರೂ ಮುಂದ ನಿಮ್ಮ ಮಾವ ಆ ಸೀನಿನ ಮಾತು ಎತ್ತಿ "ಅದು ಪಿಕ್ಚರಿನಾಗ ಚಲೋ ಇತ್ತು" ಅಂದ. ನಾ ಸುಮ್ಮನಿದ್ದೆ. ಅದು ನನ್ನ ಮಗಳದು ಅಂತ ಎಷ್ಟ ಸಲ ಹೇಳೂದು, ಕಾಗದದಾಗ ಇಲ್ಲದ್ದನ್ನ? ನನಗ ಅಂಜಿಕಿ ಹೆಸರು ಹೋತು ಅಂತಲ್ಲ. ಮುಂದಿನ ಸಲ ಅವರು ಕೇಳೂಕಿಂತ ಮೊದಲ ನೀನ "ನಂಗೆ ಕೋಪ ಬಂದಿದೆ" ಅಂತ ಬರದು ಕೊಡತಿ ಏನೋ ಅಂತ.

ಪಿಜಿ ಊಟ ಸೇರದಿದ್ರ ಹೇಳು, ಶೇಂಗಾ ಚಟ್ನಿ, ಕಟಕ್ ರೊಟ್ಟಿ ಬಸ್ಸಿಗೆ ಹಾಕತಾಳ ನಿಮ್ಮವ್ವ. ಹೊಸ ಕೆಲಸದ ಅಗ್ರಿಮೆಂಟಿಗೆ ಸಹಿ ಮಾಡೂಕಿಂತ ಮೊದಲ ಎಲ್ಲಾ ಪುಟದ ಫೋಟೋ ನನಗ ಕಳಿಸು. ಬೆಳಕಿನಾಗ ತಗಿ, ಹೋದ ಸಲ ಕೆಳಗಿನ ಸಾಲು ಕಾಣವಲ್ಲದಾಗಿತ್ತು.

ಇಂತಿ,
ನಿಮ್ಮಪ್ಪ